ಕಣ್ಣು ಕಾಣದ ಚಾಲಕಿಗೆ ನೌಕೆ ಕಟ್ಟುವುದು ಹೇಗೆ?



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಆಗಿದೆ. ಇವತ್ತಿನ ನನ್ನ ಮಾತು ಈ ಜಿಲ್ಲೆಯ ಹೈಸ್ಕೂಲು ಮಕ್ಕಳಿಗೆ, ಅವರ ಮೇಷ್ಟ್ರುಗಳಿಗೆ, ಬೇಸಿಗೆ ರಜೆಯಲ್ಲಿ ಶಿಬಿರ ನಡೆಸುವ ಗೆಳೆಯರಿಗೆ. ವಿಷಯ ಒಂದು ಆಟದ್ದು, ಆ ಆಟದೊಳಗಿನ ಒಂದು ಪಾತ್ರದ್ದು. ಬಾಹ್ಯಾಕಾಶ ನೌಕೆ ಓಡಿಸುವ ಚಾಲಕಿ ಆಕೆ. ಆಕೆಗೆ ಕಣ್ಣು ಕಾಣುವುದಿಲ್ಲ. ಇಂಥ ಪಾತ್ರವನ್ನು ಒಂದು ಮಗು ಆರಿಸಿಕೊಂಡರೆ ಆಟ ನಡೆಸುವವರು ಏನು ಮಾಡಬೇಕು, ಏನು ಮಾಡಬಾರದು ಎನ್ನುವುದನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಮೊದಲು ಆಟ ಯಾವುದೆಂದು ಹೇಳಿಬಿಡೋಣ. ಅದಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಅನ್ನುತ್ತಾರೆ. ನಾವು ಪಾತ್ರದಾಟ ಅನ್ನೋಣ. ನಾಲ್ಕೈದು ಜನ ಒಂದು ಮೇಜಿನ ಸುತ್ತ, ಇಲ್ಲವೇ ಜಗಲಿಯ ಮೇಲೆ, ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ. ಕಥೆ ನಡೆಸುವವರು ‘ನೀವೀಗ ಇಂಥ ಕಡೆ ಇದ್ದೀರಿ, ಎದುರಿಗೆ ಇಂಥದ್ದು ಇದೆ, ಏನು ಮಾಡುತ್ತೀರಿ?’ ಎಂದು ಕೇಳುತ್ತಾರೆ. ಪಾತ್ರಧಾರಿಗಳು ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ. ಅದು ಕೈಗೂಡಿತೋ ಇಲ್ಲವೋ ಎನ್ನುವುದನ್ನು ದಾಳ ಹಾಕಿ ತಿಳಿಯುತ್ತಾರೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ತಂದಾಗ ಈ ಬಗೆಯ ಆಟ ಜಗತ್ತಿಗೆ ಗೊತ್ತಾಯಿತು. ಮೂರು ವರ್ಷದ ಮೇಲೆ, 1977ರಲ್ಲಿ, ಮಾರ್ಕ್ ಮಿಲ್ಲರ್ ‘ಟ್ರಾವೆಲರ್’ ಎಂಬ ವೈಜ್ಞಾನಿಕ ಕಥೆಯ ಆಟ ಬರೆದರು. ಅದರಲ್ಲಿ ಯೋಧರು, ಮಾಂತ್ರಿಕರಿಗೆ ಬದಲಾಗಿ ನೌಕೆಯ ಚಾಲಕರು, ಎಂಜಿನಿಯರುಗಳು, ನಕ್ಷತ್ರಗಳ ನಡುವೆ ಸರಕು ಸಾಗಿಸುವ ವ್ಯಾಪಾರಿಗಳು ಬಂದರು.

ನಮ್ಮ ಸೀಮೆಗೆ ಪಾತ್ರ ಹಿಡಿಯುವುದೇನೂ ಹೊಸದಲ್ಲ. ಮೂಡಲಪಾಯ ಯಕ್ಷಗಾನ ಬಾಳಿದ ನೆಲ ಇದು. ‘ಕುರುಕ್ಷೇತ್ರ’ ನಾಟಕ ಆಡದ ಊರು ತುಮಕೂರು ಜಿಲ್ಲೆಯಲ್ಲಿ ಸಿಕ್ಕುವುದು ಕಷ್ಟ. ಹಗಲೆಲ್ಲ ಕಡಲೆಕಾಯಿ ಹೊಲದಲ್ಲಿ ದುಡಿದವರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕರ್ಣನ ಮಾತು, ಶಕುನಿಯ ಮಾತು ಬಾಯಿಪಾಠ ಮಾಡುತ್ತಾರೆ. ಪಾತ್ರದಾಟದಲ್ಲಿ ಬಾಯಿಪಾಠ ಇಲ್ಲ, ಮಾತನ್ನು ಅಲ್ಲೇ ಹುಟ್ಟಿಸಬೇಕು. ಬಣ್ಣ, ಪರದೆ, ದೀಪ ಯಾವುದೂ ಇಲ್ಲ. ಇರುವುದು ಕಥೆ ನಡೆಸುವವರ ದನಿ ಮಾತ್ರ.

ಈ ಮಾತನ್ನು ಬಾನುಲಿಯ ಕೇಳುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೀವು ನನ್ನನ್ನು ನೋಡುತ್ತಿಲ್ಲ, ಕೇಳುತ್ತಿದ್ದೀರಿ. ಪಾತ್ರದಾಟಕ್ಕೆ ಕೂತವರ ಸ್ಥಿತಿಯೂ ಇದೇ. ನೌಕೆ ಯಾರಿಗೂ ಕಾಣುವುದಿಲ್ಲ, ಗ್ರಹ ಯಾರಿಗೂ ಕಾಣುವುದಿಲ್ಲ. ಕಣ್ಣಿರುವ ಪಾತ್ರಕ್ಕೂ ಕಣ್ಣಿಲ್ಲದ ಪಾತ್ರಕ್ಕೂ ಸುದ್ದಿ ಬರುವುದು ಮಾತಿನ ದಾರಿಯಿಂದಲೇ. ಆದ್ದರಿಂದ ಜಗತ್ತಿನ ಎಲ್ಲ ಆಟಗಳಲ್ಲಿ ಅಂಧ ಪಾತ್ರವನ್ನು ನ್ಯಾಯವಾಗಿ ಆಡಿಸಲು ಹೇಳಿ ಮಾಡಿಸಿದ ಆಟ ಇದು. ಆದರೂ ಆಟ ನಡೆಸುವವರು ಎಡವುತ್ತಾರೆ. ಎಡವುವುದು ಎರಡು ಕಡೆ.

ಒಂದು, ಎಲ್ಲದಕ್ಕೂ ದಾಳದ ಅಂಕದಲ್ಲಿ ಕಡಿತ ಹಾಕುವುದು. ಕಣ್ಣಿಲ್ಲ ಅಂದಮೇಲೆ ನೌಕೆ ಓಡಿಸಲು ಕಡಿತ, ಓಡಲು ಕಡಿತ, ಯಂತ್ರ ರಿಪೇರಿಗೆ ಕಡಿತ, ಕೊನೆಗೆ ಮಾತಾಡಿ ಒಪ್ಪಿಸುವುದಕ್ಕೂ ಕಡಿತ! ಪಾತ್ರ ಹಿಡಿದ ಮಗು ಅರ್ಧ ಗಂಟೆಯಲ್ಲಿ ಸುಮ್ಮನಾಗುತ್ತದೆ. 1986ರಲ್ಲಿ ಬಂದ ‘ಗರ್ಪ್ಸ್’ ಎಂಬ ಆಟದಲ್ಲಿ ಇದಕ್ಕೆ ಲೆಕ್ಕವೇ ಇದೆ. ಪಾತ್ರಕ್ಕೆ ಪೂರ್ತಿ ಅಂಧತ್ವ ಬರೆದುಕೊಂಡರೆ ಅದು 50 ಅಂಕದ ಕೊರತೆ, ಅದಕ್ಕೆ ಬದಲಾಗಿ ಸಿಗುವ ಅಷ್ಟೇ ಅಂಕದಲ್ಲಿ ಬೇರೆ ಶಕ್ತಿ ಕೊಂಡುಕೊಳ್ಳಬಹುದು. ಆಟಗಾರರ ನಡುವೆ ಸಮತೂಕ ಇರಲೆಂದು ಮಾಡಿದ ಲೆಕ್ಕ ಅದು. ಆದರೆ ಎಲ್ಲ ಲೋಕಕ್ಕೂ ಒಂದೇ ಬೆಲೆ ಕಟ್ಟಲಾಗದು. ಕಾಡಿನಲ್ಲಿ ಒಬ್ಬಂಟಿಯಾಗಿ ಸಿಕ್ಕಿಬಿದ್ದ ಅಂಧನ ಕಷ್ಟ ಬೇರೆ. ಪ್ರತಿ ಯಂತ್ರವೂ ಮಾತಾಡುವ ನೌಕೆಯಲ್ಲಿ ಕುಳಿತ ಅಂಧ ಚಾಲಕಿಯ ಕಷ್ಟ ಬೇರೆ.

ಇನ್ನೊಂದು, ಕಣ್ಣಿಗೆ ಬದಲು ಪವಾಡ ಕೊಡುವುದು. 1964ರಿಂದ ಬರುತ್ತಿರುವ ಅಮೆರಿಕದ ಚಿತ್ರಕಥೆಯ ಡೇರ್‌ಡೆವಿಲ್‌ಗೆ ಕಣ್ಣಿಲ್ಲ, ಆದರೆ ರೇಡಾರ್‌ನಂಥ ಒಂದು ಇಂದ್ರಿಯ ಇದೆ. ಅವನಿಗೆ ಎಲ್ಲವೂ ‘ಕಾಣುತ್ತದೆ’. ಕಥೆಯಾಗಿ ಅದು ಚೆನ್ನ. ಆದರೆ ಆಟದಲ್ಲಿ ಹೀಗೆ ಮಾಡಿದರೆ ಅಂಧತ್ವ ಬರೀ ಹಣೆಪಟ್ಟಿಯಾಗಿ ಉಳಿಯುತ್ತದೆ. ಇದಕ್ಕಿಂತ ಹದವಾಗಿ ನಡೆದದ್ದು 1987ರಲ್ಲಿ ಶುರುವಾದ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ಧಾರಾವಾಹಿ. ಅದರ ಜೋರ್ಡಿ ಲಾ ಫೋರ್ಜ್ ಹುಟ್ಟು ಅಂಧ. ಲೆವರ್ ಬರ್ಟನ್ ಆ ಪಾತ್ರ ಮಾಡಿದರು. ಮೊದಲ ವರ್ಷದ ಕಂತುಗಳಲ್ಲಿ ನೌಕೆಯ ಚುಕ್ಕಾಣಿಯ ಮುಂದೆ ಕೂರುವುದು ಈತನೇ. ಕಣ್ಣ ಮೇಲೊಂದು ಸಾಧನ ಕಟ್ಟಿಕೊಳ್ಳುತ್ತಾನೆ, ಅದು ಮನುಷ್ಯರ ಕಣ್ಣಿಗೆ ಕಾಣದ ಅಲೆಗಳನ್ನೂ ತೋರಿಸುತ್ತದೆ. ಆದರೆ ಅದರಿಂದ ಅವನಿಗೆ ನೋವಾಗುತ್ತದೆ, ಅದು ಕೆಡುತ್ತದೆ, ಅದನ್ನು ತೆಗೆದರೆ ಅವನಿಗೆ ಏನೂ ಕಾಣುವುದಿಲ್ಲ. ಅಂಗವೈಕಲ್ಯವಿದ್ದ ಜಾರ್ಜ್ ಲಾ ಫೋರ್ಜ್ ಎಂಬ ಅಭಿಮಾನಿಯ ನೆನಪಿಗೆ ಆ ಹೆಸರನ್ನು ಇಟ್ಟರು.

ಹಾಗಾದರೆ ಸರಿಯಾದ ದಾರಿ ಯಾವುದು? ನನ್ನ ಉತ್ತರ ಇಷ್ಟೇ: ಪಾತ್ರದ ಕಣ್ಣಿನ ತಂಟೆಗೆ ಹೋಗಬೇಡಿ. ನೌಕೆಯನ್ನು ಅವಳಿಗೆ ತಕ್ಕಂತೆ ಕಟ್ಟಿ, ಆಟದ ನಿಯಮವನ್ನು ಅವಳನ್ನೂ ಸೇರಿಸಿಕೊಂಡು ಬರೆಯಿರಿ.

ಇದು ಕನಸಿನ ಮಾತಲ್ಲ. ನಮ್ಮ ಗಡಿಯಲ್ಲೇ ಇದಕ್ಕೆ ನಿದರ್ಶನ ಇದೆ. ಮಧುಗಿರಿ, ಶಿರಾ, ಪಾವಗಡಗಳಿಗೆ ಅಂಟಿಕೊಂಡಂತೆ ಆಂಧ್ರದ ಮಡಕಶಿರಾ ಸೀಮೆ ಇದೆ. ನೊಳಂಬ ಅರಸರ ರಾಜಧಾನಿಯಾಗಿದ್ದ ಹೆಂಜೇರು, ಈಗಿನ ಹೇಮಾವತಿ, ಇರುವುದು ಅಲ್ಲಿಯೇ. ಆ ಹೇಮಾವತಿ ಪಂಚಾಯಿತಿಯ ತಂಬಲಹಟ್ಟಿ ಎಂಬ ಪುಟ್ಟ ಊರಿನ ರೈತರ ಮಗಳು ಟಿ. ಸಿ. ದೀಪಿಕಾ. ಎಳೆಗೂಸಾಗಿದ್ದಾಗಲೇ ದೃಷ್ಟಿಗೆ ಪೆಟ್ಟು ಬಿತ್ತು. ಕರ್ನಾಟಕದ ವಿಶೇಷ ಶಾಲೆಗಳಲ್ಲಿ ಓದಿದರು, ಅಲ್ಲೇ ಕ್ರಿಕೆಟ್ ಕೈಹಿಡಿಯಿತು. ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ 2025ರಲ್ಲಿ ನಡೆದಾಗ ಭಾರತ ತಂಡದ ನಾಯಕಿ ಇವರೇ. ನವೆಂಬರ್ 23ರಂದು ಕೊಲಂಬೊದಲ್ಲಿ ನೇಪಾಳವನ್ನು 7 ವಿಕೆಟ್‌ಗಳಿಂದ ಸೋಲಿಸಿ ಕಪ್ ತಂದರು.

ಆ ಕ್ರಿಕೆಟ್ಟಿನ ನಿಯಮಗಳನ್ನು ಆಟ ಕಟ್ಟುವವರು ಕೂತು ಓದಬೇಕು. ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು, ಒಳಗೆ ಬೇರಿಂಗ್ ಗುಂಡುಗಳಿವೆ, ಉರುಳಿದರೆ ಗಲಗಲ ಅನ್ನುತ್ತದೆ. ಬೌಲರ್ ಕೈ ಕೆಳಗೆ ಮಾಡಿ ಎಸೆಯಬೇಕು. ಎಸೆಯುವ ಮುಂಚೆ ‘ರೆಡಿ?’ ಅಂತ ಕೇಳಬೇಕು, ಬ್ಯಾಟರ್ ‘ಯೆಸ್’ ಅನ್ನಬೇಕು, ಬೌಲರ್ ‘ಪ್ಲೇ’ ಅಂದು ಚೆಂಡು ಬಿಡಬೇಕು. ಕಾಣುವಿಕೆಯ ಮಟ್ಟ ನೋಡಿ ಆಟಗಾರರನ್ನು ಬಿ-1, ಬಿ-2, ಬಿ-3 ಎಂದು ಮೂರು ವರ್ಗ ಮಾಡುತ್ತಾರೆ. ಬಿ-1 ಅಂದರೆ ಪೂರ್ತಿ ಅಂಧರು. ಹನ್ನೊಂದು ಜನರಲ್ಲಿ ಕನಿಷ್ಠ ನಾಲ್ವರು ಬಿ-1 ಇರಲೇಬೇಕು. ಅವರು ಹೊಡೆದ ಪ್ರತಿ ರನ್ನಿಗೆ ಎರಡು ಲೆಕ್ಕ. ಅವರ ಪರವಾಗಿ ಇನ್ನೊಬ್ಬರು ಓಡಬಹುದು. ಒಂದು ಪುಟ ಬಿದ್ದ ಚೆಂಡನ್ನು ಅವರು ಹಿಡಿದರೂ ಅದು ಕ್ಯಾಚು.

ಇಲ್ಲಿ ಯಾರ ಮೇಲೂ ಕನಿಕರ ತೋರಿಸಿಲ್ಲ, ಯಾರಿಗೂ ಪವಾಡ ಕೊಟ್ಟಿಲ್ಲ. ಚೆಂಡಿಗೆ ದನಿ ಕೊಟ್ಟಿದ್ದಾರೆ. ಎರಡು ಕಡೆಯವರೂ ಮಾತಾಡಿಕೊಂಡೇ ಆಡಬೇಕೆಂದು ವಿಧಿಸಿದ್ದಾರೆ. ಪೂರ್ತಿ ಕಾಣದವರನ್ನು ಬೆಂಚಿನ ಮೇಲೆ ಕೂರಿಸುವ ದಾರಿ ಮುಚ್ಚಿದ್ದಾರೆ. ಆಟ ಎಂದಿನಂತೆ ಬಿರುಸಾಗಿದೆ, ಸೋಲೂ ಇದೆ, ಔಟೂ ಇದೆ. ನಮ್ಮ ನೌಕೆಯ ಆಟಕ್ಕೂ ಇದೇ ಮೇಲ್ಪಂಕ್ತಿ.

‘ಕ್ರಿಕೆಟ್ ಸರಿ, ನೌಕೆ ಓಡಿಸಲು ಕಣ್ಣು ಬೇಡವೇ?’ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಉತ್ತರ ವಿಮಾನಯಾನದ ಚರಿತ್ರೆಯಲ್ಲಿದೆ.

ಮೋಡದೊಳಗೆ ನುಗ್ಗಿದ ಪೈಲಟ್‌ಗೆ ನೆಲವೂ ಕಾಣದು, ದಿಗಂತವೂ ಕಾಣದು. ಆಗ ಒಳಗಿವಿ ಮೋಸ ಮಾಡುತ್ತದೆ. ವಿಮಾನ ಮೆಲ್ಲಗೆ ವಾಲಿ ತಿರುಗುತ್ತಿದ್ದರೂ ನೆಟ್ಟಗೇ ಹೋಗುತ್ತಿದ್ದೇನೆ ಅನ್ನಿಸುತ್ತದೆ. ಹೀಗೆ ಸುತ್ತುತ್ತಾ ಇಳಿದು ನೆಲಕ್ಕಪ್ಪಳಿಸಿದವರು ಎಷ್ಟೋ ಜನ. 1929ರ ಸೆಪ್ಟೆಂಬರ್ 24ರಂದು ಅಮೆರಿಕದ ಜಿಮ್ಮಿ ಡೂಲಿಟ್ಲ್ ತಾನು ಕೂರುವ ಜಾಗದ ಮೇಲೆ ಮುಸುಕು ಹಾಕಿಸಿಕೊಂಡು, ಹೊರಗಿನದು ಒಂದಿಷ್ಟೂ ಕಾಣದಂತೆ ಮಾಡಿಕೊಂಡು, ವಿಮಾನ ಮೇಲೆತ್ತಿ, ಸುತ್ತಿ, ಮತ್ತೆ ಇಳಿಸಿದರು. ಮುಂದಿನ ಸೀಟಿನಲ್ಲಿ ಇನ್ನೊಬ್ಬ ಪೈಲಟ್ ಇದ್ದರು, ಆದರೆ ಅವರ ನೆರವು ಬೇಕಾಗಲಿಲ್ಲ. ಹೊರಗಿನ ನೋಟವಿಲ್ಲದೆ, ಒಳಗಿನ ಮಾಪಕಗಳನ್ನು ನಂಬಿ ಹಾರಬಹುದೆಂದು ಅವತ್ತು ಸಾಬೀತಾಯಿತು.

ಬಾನುಲಿ ಕೇಳುಗರಿಗೆ ಇನ್ನೂ ಇಷ್ಟವಾಗುವ ಸಂಗತಿ ಒಂದಿದೆ. ಆ ಕಾಲದ ಅಮೆರಿಕದಲ್ಲಿ ಪೈಲಟ್‌ಗಳು ಕಿವಿಯಿಂದ ದಾರಿ ಹಿಡಿಯುತ್ತಿದ್ದರು. ನೆಲದ ಮೇಲಿನ ರೇಡಿಯೋ ಕೇಂದ್ರ ಒಂದು ಕಡೆಗೆ ಮೋರ್ಸ್ ಸಂಕೇತದ ‘ಎ’ ಅಕ್ಷರ ಕಳಿಸುತ್ತಿತ್ತು: ಗಿಡ್ಡ, ಉದ್ದ. ಇನ್ನೊಂದು ಕಡೆಗೆ ‘ಎನ್’: ಉದ್ದ, ಗಿಡ್ಡ. ವಿಮಾನ ದಾರಿಯಿಂದ ಸರಿದರೆ ಒಂದು ಅಕ್ಷರ ಜೋರಾಗಿ ಕೇಳಿಸುತ್ತಿತ್ತು. ಸರಿಯಾದ ದಾರಿಯಲ್ಲಿದ್ದರೆ ಎರಡೂ ಕೂಡಿ ಒಂದೇ ಸಮನೆ ನಾದವಾಗುತ್ತಿತ್ತು. ಮಳೆಯಲ್ಲಿ, ಕತ್ತಲಲ್ಲಿ, ಆ ನಾದ ಹಿಡಿದುಕೊಂಡು ಟಪಾಲು ವಿಮಾನ, ಪ್ರಯಾಣಿಕರ ವಿಮಾನ ಊರು ಸೇರುತ್ತಿದ್ದವು.

ಕಣ್ಣೇ ಕಾಣದವರು ವಿಮಾನ ಹಾರಿಸಿದ್ದೂ ಉಂಟು. ಇಂಗ್ಲೆಂಡಿನ ಮೈಲ್ಸ್ ಹಿಲ್ಟನ್-ಬಾರ್ಬರ್ ಅವರಿಗೆ ಚಿಕ್ಕಂದಿನಿಂದಲೂ ಪೈಲಟ್ ಆಗುವಾಸೆ. ಕಣ್ಣಿನ ಪರದೆಯ ರೋಗದಿಂದ ದೃಷ್ಟಿ ಹೋಯಿತು. ಅವರು 2007ರಲ್ಲಿ ಪುಟ್ಟ ಮೈಕ್ರೋಲೈಟ್ ವಿಮಾನದಲ್ಲಿ ಲಂಡನ್ನಿನಿಂದ ಆಸ್ಟ್ರೇಲಿಯಾದ ಸಿಡ್ನಿಗೆ ಹಾರಿದರು. ಎತ್ತರ, ದಿಕ್ಕು, ವೇಗವನ್ನು ಯಂತ್ರ ಕಿವಿಯಲ್ಲಿ ಓದಿ ಹೇಳುತ್ತಿತ್ತು. ಕಣ್ಣು ಕಾಣುವ ಸಹ-ಪೈಲಟ್ ಜೊತೆಗಿದ್ದರು. ಸಹ-ಪೈಲಟ್ ಇದ್ದದ್ದರಿಂದ ಇವರ ಸಾಧನೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ದೊಡ್ಡ ವಿಮಾನ ಯಾವುದನ್ನೂ ಒಬ್ಬರೇ ಓಡಿಸುವುದಿಲ್ಲ ತಾನೇ?

ಇನ್ನು ಬಾಹ್ಯಾಕಾಶಕ್ಕೆ ಹೋದರೆ ಕಿಟಕಿಗೆ ಬೆಲೆ ಇನ್ನೂ ಕಡಿಮೆ. 1969ರ ಜುಲೈ 20ರಂದು ಚಂದ್ರನ ಮೇಲೆ ಇಳಿಯುವಾಗ ಅಮೆರಿಕದ ಗಗನಯಾತ್ರಿ ಆರ್ಮ್‌ಸ್ಟ್ರಾಂಗ್ ಕಿಟಕಿಯಿಂದ ನೆಲ ನೋಡುತ್ತಿದ್ದರು, ಪಕ್ಕದಲ್ಲಿದ್ದ ಆಲ್ಡ್ರಿನ್ ಎತ್ತರ ಇಷ್ಟು, ಇಳಿಯುವ ವೇಗ ಇಷ್ಟು ಎಂದು ಒಂದೇ ಸಮನೆ ಕೂಗಿ ಹೇಳುತ್ತಿದ್ದರು. ಕೊನೆಗೆ ಧೂಳೆದ್ದು ನೆಲವೂ ಮಸುಕಾಯಿತು. ನಮ್ಮ ಚಂದ್ರಯಾನ-3ರ ವಿಕ್ರಮ್ 2023ರ ಆಗಸ್ಟ್ 23ರಂದು ಇಳಿದಾಗ ಒಳಗೆ ಮನುಷ್ಯರೇ ಇರಲಿಲ್ಲ. ಎತ್ತರ ಅಳೆಯುವ, ವೇಗ ಅಳೆಯುವ ಸಾಧನಗಳ ಅಂಕಿ ನಂಬಿ, ತನ್ನ ಕ್ಯಾಮರಾಗಳ ಚಿತ್ರವನ್ನೂ ಅಂಕಿಯಾಗಿಸಿ ಓದಿ, ಅದು ತಾನಾಗಿ ಇಳಿಯಿತು. ಬೆಂಗಳೂರಿನ ಕೇಂದ್ರದಲ್ಲಿದ್ದ ವಿಜ್ಞಾನಿಗಳು ಪರದೆಯ ಮೇಲಿನ ಅಂಕಿಗಳನ್ನೇ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅಂಕಿಯನ್ನು ಕಣ್ಣಿಗೇ ಕೊಡಬೇಕೆಂದೇನೂ ಇಲ್ಲ. ಕಿವಿಗೂ ಕೊಡಬಹುದು, ಬೆರಳಿಗೂ ಕೊಡಬಹುದು. ದೃಷ್ಟಿ ಕಳೆದುಕೊಂಡ ಪೋರ್ಟೊ ರಿಕೊದ ಖಗೋಳ ವಿಜ್ಞಾನಿ ವಾಂಡಾ ಡಿಯಾಜ್-ಮರ್ಸೆಡ್ ನಕ್ಷತ್ರಗಳ ಮಾಹಿತಿಯನ್ನು ನಾದವಾಗಿ ಮಾಡಿಸಿಕೊಂಡು, ಕೇಳಿ, ಸಂಶೋಧನೆ ಮಾಡುತ್ತಾರೆ.

ಈಗ ಆಟಕ್ಕೆ ಬರೋಣ. ದಾಳ ತರಲು ಬೆಂಗಳೂರಿಗೆ ಹೋಗುವುದು ಬೇಡ. ಹುಣಸೆ ನಮ್ಮ ಸೀಮೆಯ ಬೆಳೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಕೊಕ್ಕರೆಗಳು ಗೂಡು ಕಟ್ಟುವುದೂ ಹುಣಸೆ ಮರದ ಮೇಲೇ. ಚೌಕಾಬಾರ ಆಡಲು ಅಜ್ಜಿ ಮಾಡಿಕೊಡುತ್ತಿದ್ದಂತೆ ನಾಲ್ಕು ಹುಣಸೆ ಬೀಜ ತೆಗೆದುಕೊಂಡು, ಒಂದೊಂದರ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿ. ಉಜ್ಜದ ಮಗ್ಗುಲು ನುಣ್ಣಗೆ ಉಬ್ಬಿರುತ್ತದೆ. ಉಜ್ಜಿದ ಮಗ್ಗುಲು ಚಪ್ಪಟೆ, ಸ್ವಲ್ಪ ತರಿತರಿ. ಬೀಜ ಹಾಕಿ ಬೆರಳಾಡಿಸಿದರೆ ಸಾಕು, ಎಷ್ಟು ಬಿಳಿ ಬಿದ್ದಿದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಬೀಜ ಉರುಳಿ ಹೋಗದಂತೆ ಅಂಚಿರುವ ತಟ್ಟೆಯಲ್ಲೋ ಮೊರದಲ್ಲೋ ಹಾಕಿ. ಕಣ್ಣು ಕಾಣದ ಮಗುವಿಗೂ ಕಾಣುವ ಮಗುವಿಗೂ ದಾಳ ಒಂದೇ ಆಯಿತು.

ನಿಯಮವೂ ಸಣ್ಣದು. ಯಾವುದಾದರೂ ಕಷ್ಟದ ಕೆಲಸಕ್ಕೆ ನಾಲ್ಕು ಬೀಜ ಹಾಕಿ, ಎರಡು ಅಥವಾ ಹೆಚ್ಚು ಬಿಳಿ ಬಿದ್ದರೆ ಗೆದ್ದಂತೆ. ಎರಡೂ ಮಗ್ಗುಲು ಸಮವಾಗಿ ಬೀಳುತ್ತವೆ ಎಂದುಕೊಂಡರೆ 16ರಲ್ಲಿ 11 ಸಲ ಗೆಲುವು. ಇನ್ನು ಚಾಲಕರ ವಿಷಯ. ನೌಕೆ ಓಡಿಸುವವರಿಗೆ ಸುದ್ದಿ ಬರಲು ಮೂರು ದಾರಿ ಬರೆದುಕೊಳ್ಳಿ. ಕಣ್ಣು ಕಾಣುವ ಚಾಲಕನಿಗೆ ಕಿಟಕಿ, ಮಾಪಕದ ಪರದೆ, ಜೊತೆಗಾರನ ಮಾತು. ನಮ್ಮ ಚಾಲಕಿಗೆ ಕಿವಿಯ ನಾದ, ಬೆರಳಿನ ಕೆಳಗೆ ಏಳುವ ಇಳಿಯುವ ಬ್ರೈಲ್ ಚುಕ್ಕಿಗಳು, ಜೊತೆಗಾರನ ಮಾತು. ಮೂರು ದಾರಿಯೂ ತೆರೆದಿದ್ದರೆ ಇಬ್ಬರಿಗೂ ನಾಲ್ಕು ಬೀಜ. ಒಂದು ದಾರಿ ಮುಚ್ಚಿದರೆ ಒಂದು ಬೀಜ ಕಡಿಮೆ, ಗೆಲುವು 16ರಲ್ಲಿ 8ಕ್ಕೆ ಇಳಿಯುತ್ತದೆ. ಎರಡು ಮುಚ್ಚಿದರೆ ಎರಡೇ ಬೀಜ, 16ರಲ್ಲಿ 4. ಕಡಿತ ಬೀಳುವುದು ಕೆಟ್ಟುಹೋದ ದಾರಿಗೆ. ಚಾಲಕಿಯ ಮೈಗೆ ಕಡಿತ ಇಲ್ಲ. ಈ ಲೆಕ್ಕವನ್ನು ಗಣಿತದ ಮೇಷ್ಟ್ರು ಸಂಭವನೀಯತೆಯ ಪಾಠಕ್ಕೂ ಬಳಸಿಕೊಳ್ಳಬಹುದು.

ಆಟ ಹೇಗೆ ನಡೆದೀತು ಎನ್ನುವುದಕ್ಕೆ ಒಂದು ತುಣುಕು ಹೇಳುತ್ತೇನೆ, ಊಹಿಸಿಕೊಳ್ಳಿ. ಇನ್ನೂರು ವರ್ಷ ಮುಂದಿನ ಕಥೆ. ಪಾವಗಡದ ತಿರುಮಣಿ, ವಳ್ಳೂರಿನ ಕಡೆ ಈಗ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಇದೆಯಲ್ಲ, ಕಥೆಯಲ್ಲಿ ಅಲ್ಲಿಂದಲೇ ನೌಕೆಗಳು ಏಳುತ್ತವೆ. ಸರಕಿನ ನೌಕೆಯ ಹೆಸರು ‘ನೊಳಂಬ’. ಚಾಲಕಿ ಗಂಗಾ. ಜೊತೆಗಾರ ಮೂರ್ತಿ. ಎರಡೂ ಪಾತ್ರ ಹಿಡಿದವರು ಹೈಸ್ಕೂಲು ಮಕ್ಕಳು. ಕಥೆ ನಡೆಸುವವರು ಮೇಷ್ಟ್ರು.

ಮೇಷ್ಟ್ರು ಹೇಳುತ್ತಾರೆ: “ನಿಲ್ದಾಣ ಇನ್ನು 400 ಮೀಟರ್. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹತ್ತಿರ ಹೋಗ್ತಿದ್ದೀರಿ. ಗಂಗಾ, ನಿನ್ನ ಬಲಗಿವೀಲಿ ನಾದ ಜೋರಾಗಿದೆ, ಎಡಗಿವೀಲಿ ಸಣ್ಣಗಿದೆ.”

“ಹಂಗಾದ್ರೆ ನಿಲ್ದಾಣ ಬಲಕ್ಕಿದೆ ಮೇಷ್ಟ್ರೇ. ಎರಡು ಕಿವಿಗೂ ಸಮ ಆಗೋವರ್ಗೂ ಮೂತಿ ಬಲಕ್ಕೆ ತಿರುಗಿಸ್ತೀನಿ.”

“ಸಮ ಆಯ್ತು.”

“400ನ್ನ 2ರಿಂದ ಭಾಗಿಸಿದ್ರೆ 200 ಸೆಕೆಂಡು ಟೈಮಿದೆ. ವೇಗ ಅರ್ಧ ಮಾಡ್ತೀನಿ. ಮೂರ್ತಿ, ಕಿಟಕೀಲಿ ಏನಿದೆ ಹೇಳಪ್ಪ.”

“ಅಕ್ಕ, ಬಾಗಿಲ ಮೇಲೆ ಒಂದು ಕೆಂಪು ದೀಪ ಉರೀತಿದೆ.”

“ಒಂದೇ ಸಮ ಉರೀತಿದ್ಯಾ, ಬಿಟ್ಟುಬಿಟ್ಟಾ?”

“ಎರಡು ಸಲ ಮಿಣುಕ್ತದೆ, ನಿಲ್ತದೆ. ಮತ್ತೆ ಎರಡು ಸಲ.”

“ಆ ಬಾಗಿಲು ತೆಗೆಯಲ್ಲ ಅಂತ ಅರ್ಥ. ಆಚೆ ಬಾಗಿಲಿಗೆ ಹೋಗೋಣ.”

ಅಷ್ಟರಲ್ಲಿ ಮೇಷ್ಟ್ರು: “ಏನೋ ಬಡಿದು ನೌಕೆ ಅಲುಗಿತು. ಸುಂಯ್ ಅಂತ ಸದ್ದು ಬಂತು. ಈಗ ಆ ಸದ್ದೂ ಸಣ್ಣಗಾಗ್ತಿದೆ, ನಿನ್ನ ನಾದವೂ ಸಣ್ಣಗಾಗ್ತಿದೆ.”

“ಗಾಳಿ ಸೋರ್ತಿದೆ! ಗಾಳಿ ಹೋದ್ರೆ ಸದ್ದು ಬರಲ್ಲ. ಎಲ್ರೂ ಹೆಲ್ಮೆಟ್ ಹಾಕ್ಕೊಳಿ. ಮೂರ್ತಿ, ನನ್ನ ಹೆಲ್ಮೆಟ್ಟಿಗೆ ವೈರ್ ಸಿಗಿಸೋವರ್ಗೂ ಬೆರಳ ಚುಕ್ಕಿ ಮೇಲೇ ಓಡಿಸ್ತೀನಿ.”

“ಒಂದು ದಾರಿ ಮುಚ್ಚಿತು. ಮೂರು ಬೀಜ ಹಾಕಮ್ಮ.”

ಇಷ್ಟರಲ್ಲಿ ಎಷ್ಟು ಸಂಗತಿ ಬಂತು ನೋಡಿ. ದೀಪದ ಬಣ್ಣ ಅವಳಿಗೆ ಕಾಣಲಿಲ್ಲ, ಆ ಮಿತಿಯನ್ನು ಯಾರೂ ಮುಚ್ಚಿಡಲಿಲ್ಲ. ಆದರೆ ಆ ದೀಪಕ್ಕೆ ಅರ್ಥ ಹೇಳಿದವಳು ಅವಳು. ಮೂರ್ತಿ ಅವಳ ಕೈಹಿಡಿದು ನಡೆಸುವ ಸೇವಕನಲ್ಲ, ಕೆಲಸದ ಜೊತೆಗಾರ. ಅವಳಿಗೆ ಬಂದ ಕಂಟಕ ನೌಕೆಯಲ್ಲಿದ್ದ ಎಲ್ಲರಿಗೂ ಬಂದ ಕಂಟಕ. ಗಾಳಿಯಿಲ್ಲದೆ ಸದ್ದು ಹರಿಯದು ಎನ್ನುವ ಭೌತಶಾಸ್ತ್ರ ಪರೀಕ್ಷೆಯ ಪ್ರಶ್ನೆಯಾಗದೆ ಪ್ರಾಣದ ಪ್ರಶ್ನೆಯಾಗಿ ಬಂತು.

ಕಥೆ ನಡೆಸುವವರು ಇನ್ನೊಂದು ಎಚ್ಚರ ಇಟ್ಟುಕೊಳ್ಳಬೇಕು. ಗಂಗಾ ಇದ್ದಾಳೆಂದು ಪ್ರತಿ ಕಥೆಯಲ್ಲೂ ಕರೆಂಟು ತೆಗೆಯಬೇಡಿ. ಕತ್ತಲಾದಾಗ ಮಾತ್ರ ಅವಳು ನೆನಪಾಗುವಂತಾದರೆ ಅದೂ ಒಂದು ಬಗೆಯ ಅವಮಾನ. ಬೆಳಕಿದ್ದಾಗಲೂ ಅವಳೇ ಚಾಲಕಿ. ಅವಳಿಗೆ ಸಾಲ ಇರಲಿ, ತಮ್ಮನ ಮೇಲೆ ಮುನಿಸಿರಲಿ, ರಾಗಿಮುದ್ದೆಯ ಆಸೆಯಿರಲಿ, ದುಡುಕುತನವಿರಲಿ. ಕಣ್ಣು ಕಾಣದಿರುವುದು ಅವಳ ಬಾಳಿನ ಒಂದು ಸಂಗತಿ, ಇಡೀ ಬಾಳಲ್ಲ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮೂರ ನಾಟಕಗಳಲ್ಲಿ ನಾವು ಚಿಕ್ಕಂದಿನಿಂದ ನೋಡಿದ ಅಂಧ ಪಾತ್ರ ಒಂದೇ, ಧೃತರಾಷ್ಟ್ರ. ಅವನ ತಪ್ಪು ಮಗನ ಮೇಲಿನ ಪಕ್ಷಪಾತ. ಅದು ಕಣ್ಣಿದ್ದ ಎಷ್ಟೋ ಅಪ್ಪಂದಿರು ಮಾಡುವ ತಪ್ಪು. ಆದರೆ ಆ ತಪ್ಪನ್ನೂ ಅಂಧತ್ವವನ್ನೂ ಒಂದೇ ಮಾಡಿ ಹಾಡುವುದು ನಮಗೆ ರೂಢಿಯಾಗಿದೆ. ವೇದಿಕೆಯ ಮೇಲೆ ಕೈಚಾಚಿ ತಡವರಿಸುತ್ತಾ ಬರುವ ರಾಜನನ್ನು ನೋಡಿ, ಕಣ್ಣಿಲ್ಲದವರೆಲ್ಲ ಹೀಗೇ ಎಂದು ಮಕ್ಕಳು ತಿಳಿಯುತ್ತಾರೆ. ಬಿಳಿ ಕೋಲು ಹಿಡಿದು ತುಮಕೂರಿನ ಬಸ್ ನಿಲ್ದಾಣದಲ್ಲಿ ಒಬ್ಬರೇ ಬಸ್ ಹತ್ತುವವರನ್ನು ಅವರು ಗಮನಿಸಿರುವುದಿಲ್ಲ. ಅದೇ ಮಹಾಭಾರತದಲ್ಲಿ ಇನ್ನೊಂದು ಸಂಗತಿಯೂ ಇದೆ. ವ್ಯಾಸರು ದಿವ್ಯದೃಷ್ಟಿ ಕೊಡುತ್ತೇನೆಂದಾಗ ಧೃತರಾಷ್ಟ್ರ ಬೇಡ ಅನ್ನುತ್ತಾನೆ, ಯುದ್ಧವನ್ನು ಕೇಳುತ್ತೇನೆ ಅನ್ನುತ್ತಾನೆ. ಆಗ ಸಂಜಯ ಬರುತ್ತಾನೆ. ಪಾತ್ರದಾಟ ನಡೆಸುವವರಿಗೆ ಸಂಜಯನೇ ಆದಿಗುರು. ಯಾರು ಎಲ್ಲಿ ನಿಂತಿದ್ದಾರೆ, ಯಾವ ಶಂಖ ಮೊದಲು ಮೊಳಗಿತು, ಯಾರು ಯಾರಿಗೆ ಏನೆಂದರು, ಎಲ್ಲವನ್ನೂ ಕ್ರಮವಾಗಿ, ಕೇಳುವವನ ಮನಸ್ಸಿಗೆ ನಾಟುವಂತೆ ಹೇಳಿದವನು ಅವನು.

ಹಾಗೆ ಹೇಳುವುದಕ್ಕೆ ಅಭ್ಯಾಸ ಬೇಕು. ಒಂದು ಅಭ್ಯಾಸ ಸೂಚಿಸುತ್ತೇನೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೋಟದ ಮಾತು ಒಂದೂ ಬಳಸದೆ ವರ್ಣಿಸಲು ಮಕ್ಕಳಿಗೆ ಹೇಳಿ. ಎತ್ತರ, ಬಣ್ಣ, ಆಕಾರ ಯಾವುದೂ ಬೇಡ. ಮಧ್ಯಾಹ್ನದ ಬಂಡೆಯ ಕಾವು ಚಪ್ಪಲಿ ದಾಟಿ ಬರುವುದು, ಕೊರೆದ ಮೆಟ್ಟಿಲು ಕಾಲ್ಬೆರಳಿಗೆ ಸಿಕ್ಕುವುದು, ಮೇಲೇರಿದಂತೆ ಊರಿನ ಬಸ್ಸಿನ ಹಾರನ್ನು ಸಣ್ಣಗಾಗಿ ಗಾಳಿಯ ಸದ್ದು ದೊಡ್ಡದಾಗುವುದು, ಕೋಟೆಯ ಬಾಗಿಲೊಳಗೆ ಕಾಲಿಟ್ಟಾಗ ತಂಪು ತಾಗಿ ಮಾತು ಗುಂಯ್‌ಗುಡುವುದು. ಹೀಗೆ ಬರೆದ ಮಕ್ಕಳು ಕಣ್ಣು ಕಾಣುವ ಪಾತ್ರಗಳಿಗೂ ಒಳ್ಳೆಯ ಕಥೆ ಹೇಳುತ್ತಾರೆ.

ಕಥೆಯ ಕೊನೆಯಲ್ಲಿ ಗಂಗಾಳಿಗೆ ಕಣ್ಣು ಬರಿಸಬೇಕೇ ಎಂಬ ಪ್ರಶ್ನೆ ಬರುತ್ತದೆ. ವಾಸಿಯಾಗುವ ಕಣ್ಣಿನ ಕಾಯಿಲೆಯನ್ನು ವಾಸಿ ಮಾಡಲೇಬೇಕು. ಪಾವಗಡದಲ್ಲಿ ಸ್ವಾಮಿ ಜಪಾನಂದರು ನಡೆಸುವ ಶ್ರೀ ಶಾರದಾದೇವಿ ಕಣ್ಣಿನ ಆಸ್ಪತ್ರೆಯಂಥ ಕಡೆ ಪೊರೆ ತೆಗೆಸಿಕೊಂಡು ಬೆಳಕು ಕಂಡ ಹಿರಿಯರು ಈ ಸೀಮೆಯಲ್ಲಿ ಬಹಳ ಮಂದಿ. ಅದು ಪುಣ್ಯದ ಕೆಲಸ. ಆದರೆ ಎಲ್ಲ ಅಂಧತ್ವವೂ ಪೊರೆಯಲ್ಲ. ವಾಸಿಯಾಗದ ಕಣ್ಣಿನೊಂದಿಗೆ ಇಡೀ ಬಾಳು ಬಾಳುವವರಿದ್ದಾರೆ. ಕಥೆಯ ಬಹುಮಾನವೆಂದು ಕಣ್ಣು ಕೊಟ್ಟರೆ, ಇಲ್ಲಿಯವರೆಗೆ ನೀನು ಅರೆಬರೆ ಮನುಷ್ಯಳಾಗಿದ್ದೆ ಎಂದು ಹೇಳಿದಂತಾಗುತ್ತದೆ. ಆ ಪಾತ್ರ ಹಿಡಿದ ಮಗು ತಾನಾಗಿ ಕೇಳಿದರೆ ಮಾತ್ರ ಯೋಚಿಸಿ. ಇಲ್ಲದಿದ್ದರೆ ಗಂಗಾಳಿಗೆ ಇನ್ನೂ ದೊಡ್ಡ ನೌಕೆ ಕೊಡಿ.

ಕಡೆಯ ಮಾತು ಶಿಕ್ಷಕರಿಗೆ. ನಿಮ್ಮ ಶಾಲೆಯಲ್ಲೋ ಪಕ್ಕದ ಊರಿನಲ್ಲೋ ಕಣ್ಣು ಕಾಣದ ಮಗು ಇದ್ದರೆ, ಆಟದ ದಿನ ಆ ಮಗುವನ್ನು ಕರೆಸಿ. ಪ್ರತಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರಿದ್ದಾರೆ, ಅವರನ್ನು ಕೇಳಿದರೆ ಮಕ್ಕಳ ವಿವರ ಗೊತ್ತಾಗುತ್ತದೆ. ಆ ಮಗು ಬಂದಾಗ ಅಂಧ ಪಾತ್ರವನ್ನೇ ಹಿಡಿಯಬೇಕೆಂದು ಒತ್ತಾಯಿಸಬೇಡಿ. ಅದಕ್ಕೆ ಎಂಜಿನಿಯರ್ ಆಗುವಾಸೆ ಇರಬಹುದು, ಕಳ್ಳನಾಗುವಾಸೆ ಇರಬಹುದು, ಕಥೆ ನಡೆಸುವ ಮೇಷ್ಟ್ರೇ ಆಗುವಾಸೆ ಇರಬಹುದು. ಯಾವುದನ್ನು ಕೇಳಿದರೂ ಕೊಡಿ. ನಿಯಮದಲ್ಲಿ ಎಲ್ಲಿ ತೊಡಕಾಯಿತೆಂದು ಆ ಮಗುವನ್ನೇ ವಿಚಾರಿಸಿ, ಅದು ಹೇಳಿದಂತೆ ತಿದ್ದಿ. ಅಂಧರ ಕ್ರಿಕೆಟ್ಟನ್ನು ದೇಶದಲ್ಲಿ ಕಟ್ಟಿ ಬೆಳೆಸಿದವರಲ್ಲಿ ಮುಂಚೂಣಿಯಲ್ಲಿ ನಿಂತವರು ನಮ್ಮ ಬೆಳಗಾವಿ ಜಿಲ್ಲೆಯ ಮಹಾಂತೇಶ ಜಿ. ಕಿವಡಸಣ್ಣವರ. ಅವರೂ ಕಣ್ಣು ಕಾಣದವರು. ಆಟದ ಕಷ್ಟ ಬಲ್ಲವರು ಆಟ ಕಟ್ಟಿದ್ದರಿಂದಲೇ ಅದು ವಿಶ್ವಕಪ್ಪಿನವರೆಗೆ ಬಂತು.

ಈ ಬೇಸಿಗೆಯಲ್ಲಿ ನಾಲ್ಕು ಹುಣಸೆ ಬೀಜ ಉಜ್ಜಿಕೊಳ್ಳಿ. ಐದು ಮಕ್ಕಳನ್ನು ಕೂಡಿಸಿ. ಅದರಲ್ಲಿ ಕಣ್ಣು ಕಾಣದ ಒಂದು ಮಗುವಿಗೂ ಜಾಗ ಇಡಿ. ಆಟ ಶುರು ಮಾಡಿ.